ಪತ್ರಾ ಕೂಲರ್ ದುರಸ್ತಿ: ಮಾರ್ಚ್ ಮೊದಲ ವಾರದ ಕೆಲಸ

ಶಿವರಾತ್ರಿ ಕಳೆದರೆ ಚಳಿ ಶಿವಶಿವಾ ಎಂದು ಓಡುತ್ತದೆ ಎನ್ನುವ ಮಾತು ಕಲಬುರಗಿಯಲ್ಲಿ ಹೆಚ್ಚುಕಡಿಮೆ ತಾರೀಖು ನೋಡಿ ನಡೆಯುತ್ತದೆ. ಮಾರ್ಚ್ ಮೊದಲ ವಾರ ಬೆಳಗಿನ ಜಾವಕ್ಕೆ ಇನ್ನೂ ತೆಳು ಚಾದರ ಬೇಕು. ಮಧ್ಯಾಹ್ನ ಎರಡಕ್ಕೆ ಫ್ಯಾನಿನ ಗಾಳಿ ಬೆಚ್ಚಗಾಗಿರುತ್ತದೆ. ಕೂಲರ್ ಇಳಿಸಲು ಇದೇ ಹೊತ್ತು. ಬಣ್ಣ ಒಣಗುವಷ್ಟು ಬಿಸಿಲಿದೆ, ಪತ್ರಾ, ಅಂದರೆ ಕೂಲರಿನ ತಗಡು, ಮುಟ್ಟಿದರೆ ಕೈ ಸುಡುವಷ್ಟಿಲ್ಲ. ವೈಂಡಿಂಗ್ ಅಂಗಡಿಯವರೂ ಈಗ ಪುರಸೊತ್ತಿನಿಂದ ಮಾತಾಡುತ್ತಾರೆ. ಶರಣಬಸವೇಶ್ವರರ ತೇರು ಎಳೆದ ಮೇಲೆ ಹೋದರೆ ಮೋಟಾರ್ ಅಂಗಡಿಯಲ್ಲೇ ಎಂಟು ದಿನ ಕೂರುತ್ತದೆ.

ಕೈಗೆತ್ತಿಕೊಂಡದ್ದು ಆರು ಬೇಸಿಗೆ ಓಡಿದ ಪತ್ರಾ ಕೂಲರ್. ತಳ 24 ಇಂಚು ಚೌಕ, ಎತ್ತರ 36 ಇಂಚು. ಟಾಕಿಯ ಆಳ 9 ಇಂಚು. 8 ಇಂಚಿನವರೆಗೆ ತುಂಬಿದರೆ ಸುಮಾರು 75 ಲೀಟರ್ ನೀರು. 18 ಇಂಚಿನ ಮೂರು ರೆಕ್ಕೆಯ ಫ್ಯಾನ್, 1400 ಆರ್‌ಪಿಎಂ ಎಕ್ಸಾಸ್ಟ್ ಮೋಟಾರ್, 18 ವ್ಯಾಟಿನ ಮುಳುಗು ಪಂಪು, ಮೂರು ಕಡೆ ಹುಲ್ಲಿನ ಜಾಳಿ. ಹೋದ ವರ್ಷದ ಕೊನೆಗೆ ಇದರ ಮೇಲಿದ್ದ ದೂರು ಮೂರು: ಫ್ಯಾನ್ ಗುಂಯ್ ಎಂದು ನಿಧಾನಕ್ಕೆ ಏಳುತ್ತಿತ್ತು, ಟಾಕಿ ಒಂದು ಮೂಲೆಯಲ್ಲಿ ಹನಿಯುತ್ತಿತ್ತು, ಗಾಳಿ ಬರುತ್ತಿತ್ತು ಆದರೆ ತಂಪಿರಲಿಲ್ಲ. ಮೂರನೆಯದಕ್ಕೆ ಬಹಳ ಮಂದಿ ದೊಡ್ಡ ಮೋಟಾರ್ ಹಾಕಿಸುತ್ತಾರೆ. ಅದರಿಂದ ಸದ್ದು ಹೆಚ್ಚುತ್ತದೆ, ತಂಪು ಹೆಚ್ಚುವುದಿಲ್ಲ. ಕೂಲರಿನ ತಂಪು ಇರುವುದು ಹುಲ್ಲು ಎಷ್ಟು ಸಮನಾಗಿ ನೆನೆಯುತ್ತದೆ ಎನ್ನುವುದರಲ್ಲಿ.

ಸೋಮವಾರ

ಮೊದಲು ಜಾಳಿ ತೆಗೆದು ಒಳಗೆ ಇಣುಕಿ ನೋಡಬೇಕು. ಚಳಿಗಾಲವಿಡೀ ಮೂಲೆಯಲ್ಲಿ ನಿಂತ ಕೂಲರೆಂದರೆ ಗುಬ್ಬಿಗೆ ಕಟ್ಟಿದ ಮನೆ. ಮೋಟಾರ್ ಪಟ್ಟಿಯ ಮೇಲೆ ಬರೀ ಹುಲ್ಲುಕಡ್ಡಿ ಇದ್ದರೆ ತೆಗೆಯಬಹುದು. ಮೊಟ್ಟೆ ಇದ್ದರೆ ಮುಟ್ಟಬಾರದು. ಕಾವು, ಮರಿ, ಹಾರುವುದು ಎಲ್ಲ ಸೇರಿ ಒಂದು ತಿಂಗಳಾದರೂ ಬೇಕು, ಆ ಕೂಲರ್ ಏಪ್ರಿಲ್‌ಗೆ ಬಿಟ್ಟಂತೆ. ಇದರಲ್ಲಿ ಗೂಡಿರಲಿಲ್ಲ. ಪಂಪಿನ ವೈರನ್ನು ಇಲಿ ಎರಡು ಕಡೆ ಕಡಿದಿತ್ತು. ಟೇಪ್ ಸುತ್ತಿ ಮುಂದೆ ಸಾಗುವ ಜಾಗ ಇದಲ್ಲ, ನೀರಿನ ಹತ್ತಿರದ ವೈರು. ಪಂಪಿನಿಂದ ಸ್ವಿಚ್ಚಿನವರೆಗೆ ಜೋಡಣೆ ಇಲ್ಲದ ಒಂದೇ ತುಂಡು ಮೂರು ಎಳೆಯ ಕೇಬಲ್ ಎಂದು ಸಾಮಾನಿನ ಚೀಟಿಯಲ್ಲಿ ಬರೆದುಕೊಂಡದ್ದಾಯಿತು.

ಹಳೆ ಹುಲ್ಲು ಸುಣ್ಣ ಹಿಡಿದು ಹಪ್ಪಳದಂತೆ ಮುರಿಯುತ್ತಿತ್ತು. ಅದನ್ನು ಎಸೆದು, ಮೋಟಾರ್ ಪಟ್ಟಿಯ ನಾಲ್ಕು ಬೋಲ್ಟ್ ಬಿಚ್ಚಿದ್ದಾಯಿತು. ಜಂಗು ಹಿಡಿದ ಬೋಲ್ಟಿಗೆ ಮೊದಲೇ ಪಾನಾ ಹಾಕಿ ಜೋರು ಮಾಡಿದರೆ ತಲೆ ಮುರಿಯುತ್ತದೆ. ಸೀಮೆಎಣ್ಣೆಯೋ ಡೀಸೆಲ್ಲೋ ಹನಿಸಿ ಅರ್ಧ ಗಂಟೆ ಬಿಟ್ಟು, ಮೊದಲು ಕಾಲು ಸುತ್ತು ಬಿಗಿ ಮಾಡಿ ಆಮೇಲೆ ಸಡಿಲಿಸಬೇಕು. ಬಿಗಿಯ ಕಡೆ ತಿರುಗಿದಾಗ ಜಂಗಿನ ಪುಡಿ ಒಡೆಯುತ್ತದೆ. ವೈರ್ ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ. ಮೋಟಾರಿನಿಂದ ಬರುವ ಮೂರು ವೈರಿನ ಬಣ್ಣ ಪ್ರತಿ ಕಂಪನಿಗೂ ಬೇರೆ, ನೆನಪಿನ ಮೇಲೆ ಜೋಡಿಸಿದರೆ ಫ್ಯಾನ್ ಉಲ್ಟಾ ತಿರುಗಬಹುದು.

ಇನ್ನೊಂದು ಮಾತು: ಕೂಲರ್ ಕೆಳಗಿನ ಕಟ್ಟಿಗೆ ಸ್ಟ್ಯಾಂಡನ್ನು ರಾತ್ರಿ ಅಂಗಳದಲ್ಲಿ ಬಿಡಬೇಡಿ. ಹೋಳಿ ಹತ್ತಿರ ಇದ್ದರೆ ಅದು ಕಾಮಣ್ಣನ ಪಾಲು. ಕೇಳಿದರೆ ಓಣಿಯ ಹುಡುಗರಲ್ಲಿ ಒಬ್ಬನೂ ನೋಡಿರುವುದಿಲ್ಲ.

ಟಾಕಿ

ಟಾಕಿಯೇ ವಾರದ ಗಡಿಯಾರ. ಬಣ್ಣದ ಪದರಗಳ ನಡುವೆ ದಿನ ಬಿಡಬೇಕಾದ್ದರಿಂದ ಸೋಮವಾರ ಮಧ್ಯಾಹ್ನವೇ ಕೆರೆಯಲು ಕೂರಬೇಕು, ಉಳಿದ ಕೆಲಸವೆಲ್ಲ ಒಣಗುವ ಸಮಯದಲ್ಲಿ ನಡೆಯುತ್ತದೆ.

ಜಂಗು ಹಿಡಿಯುವುದು ಎರಡು ಕಡೆ. ಒಂದು, ನೀರಿನ ಮಟ್ಟ ಏರಿಳಿಯುವ ಗೆರೆ. ಅಲ್ಲಿ ನೀರೂ ಗಾಳಿಯೂ ಎರಡೂ ಸಿಗುತ್ತವೆ. ಇನ್ನೊಂದು ತಳದ ಮಡಿಕೆ. ಕೆಸರು ಕೂತು ವರ್ಷಪೂರ್ತಿ ತೇವ ಹಿಡಿದಿಡುತ್ತದೆ. ಈ ಟಾಕಿಯಲ್ಲಿ ಮೂರನೆಯ ಜಾಗವೂ ಇತ್ತು: ನೀರು ಬಿಡುವ ಹಿತ್ತಾಳೆ ನಳದ ಸುತ್ತ ಬೆರಳಗಲ ಪತ್ರಾ ತಿಂದುಹೋಗಿತ್ತು. ಸತು ಹೊದಿಸಿದ ತಗಡಿಗೆ ಹಿತ್ತಾಳೆ ತಾಗಿ ನೀರಿನಲ್ಲಿ ಮುಳುಗಿದ್ದರೆ ತಗಡೇ ಮೊದಲು ಸವೆಯುತ್ತದೆ. ಹಿತ್ತಾಳೆ ನಳ ತೆಗೆದು ಅರ್ಧ ಇಂಚಿನ ಪ್ಲಾಸ್ಟಿಕ್ ನಳ, ಒಳಗೂ ಹೊರಗೂ ರಬ್ಬರ್ ವಾಷರ್.

ತಳದಲ್ಲಿ ಬಿಳಿ ಚಿಪ್ಪಿನಂತೆ ಸುಣ್ಣ ಕಟ್ಟಿತ್ತು. ಇದಕ್ಕೆ ಬಾತ್‌ರೂಮ್ ಆಸಿಡ್ ಸುರಿಯುವ ರೂಢಿ ನಮ್ಮ ಕಡೆ ಬಹಳ. ಸುಣ್ಣ ಹೋಗುತ್ತದೆ, ಅದರ ಜೊತೆ ತಗಡಿನ ಮೇಲಿನ ಸತುವೂ ಹೋಗುತ್ತದೆ. ಮುಂದಿನ ವರ್ಷ ತೂತು ಬೀಳುವುದು ಆ ಕಾರಣಕ್ಕೆ, ಬೈಸಿಕೊಳ್ಳುವುದು ಮಾತ್ರ ಬೋರಿನ ನೀರು. ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಲೀಟರ್ ಬೆಚ್ಚನೆ ನೀರಿಗೆ 50 ಗ್ರಾಂ ಕರಗಿಸಿ ಹಳೆ ಬಟ್ಟೆಯಲ್ಲಿ ನೆನೆಸಿ ಚಿಪ್ಪಿನ ಮೇಲೆ ಹಾಸಿ 20 ನಿಮಿಷ ಬಿಟ್ಟರೆ ನೊರೆ ಬಂದು ಮೆತ್ತಗಾಗುತ್ತದೆ. ಕಟ್ಟಿಗೆ ತುಂಡಿನಿಂದ ಕೆರೆದು ತಕ್ಷಣ ಮೂರು ಸಲ ನೀರು ಹಾಕಿ ತೊಳೆಯಬೇಕು. ಇದೂ ಆಸಿಡ್ಡೇ, ರಾತ್ರಿಯಿಡೀ ಬಿಡುವಂತಿಲ್ಲ.

ಆಮೇಲೆ ತಂತಿ ಬ್ರಷ್, ನಂತರ 80 ನಂಬರಿನ ಎಮರಿ ಪೇಪರ್. ಎಲ್ಲಿವರೆಗೆ ಉಜ್ಜಬೇಕು ಎಂದರೆ, ಬೆರಳು ಒತ್ತಿ ಎಳೆದಾಗ ಕೆಂಪು ಪುಡಿ ಅಂಟದವರೆಗೆ. ಹೊಳಪಿನ ಪತ್ರಾ ಪೂರ್ತಿ ಕಾಣಲೇಬೇಕೆಂದು ಇಲ್ಲ. ಉಜ್ಜಿದ ಮೇಲೆ ಟಾಕಿಯನ್ನು ಬಿಸಿಲಿಗೆ ಎತ್ತಿ ಹಿಡಿದರೆ ತೂತುಗಳು ಚುಕ್ಕಿಯಂತೆ ಬೆಳಕು ಬಿಡುತ್ತವೆ. ಐದು ಚುಕ್ಕಿ ಸಿಕ್ಕವು, ಎಲ್ಲವೂ ಒಂದೇ ಮೂಲೆಯ ಮಡಿಕೆಯಲ್ಲಿ. ಥಿನ್ನರ್‌ನಿಂದ ಒರೆಸಿ, ಎಂ-ಸೀಲ್ ಎರಡೂ ಭಾಗ ಸಮ ತೆಗೆದುಕೊಂಡು ಬಣ್ಣ ಒಂದಾಗುವವರೆಗೆ ನಾದಿ, ಒಳಗಿನಿಂದ ಒತ್ತಿ ಸುತ್ತ ಅರ್ಧ ಇಂಚು ಹರಡಿದ್ದಾಯಿತು. ಹೊರಗಿನಿಂದ ಮೆತ್ತಿದರೆ ನೀರಿನ ಒತ್ತಡ ಅದನ್ನು ಹೊರಕ್ಕೆ ತಳ್ಳುತ್ತದೆ. ಒಳಗಿನಿಂದ ಮೆತ್ತಿದರೆ ಅದೇ ಒತ್ತಡ ಪತ್ರಾಕ್ಕೆ ಅಮುಕಿ ಹಿಡಿಯುತ್ತದೆ. ಹೆಬ್ಬೆರಳು ಹೋಗುವಷ್ಟು ತೂತಿದ್ದರೆ ಎಂ-ಸೀಲ್ ಸಾಲದು, ತಗಡಿನ ತುಂಡಿಗೆ ರಿವಿಟ್ ಹೊಡೆಸಬೇಕು.

ಮಂಗಳವಾರ ಬೆಳಗ್ಗೆ ರೆಡ್ ಆಕ್ಸೈಡ್ ಒಂದು ಪದರ, ತೆಳುವಾಗಿ. ಬುಧವಾರ ಡಾಂಬರು ಕಪ್ಪು ಬಣ್ಣದ ಮೊದಲ ಪದರ, ಗುರುವಾರ ಮಧ್ಯಾಹ್ನ ಎರಡನೆಯದು, ಮೊದಲನೆಯದಕ್ಕೆ ಅಡ್ಡ ದಿಕ್ಕಿಗೆ ಬ್ರಷ್ ಎಳೆದು. ಒಳಗೆ ಕೆಳಗಿನ ಟಾಕಿಗೆ ಮಾತ್ರ ಡಾಂಬರು, ಮೇಲಿನ ಬಾಡಿಗೆ ಮಾಮೂಲಿ ಎನಾಮೆಲ್. ದಪ್ಪಗೆ ಒಂದೇ ಸಲ ಬಳಿದರೆ ಮೇಲೆ ಚರ್ಮ ಕಟ್ಟಿ ಒಳಗೆ ಹಸಿಯಾಗೇ ಉಳಿಯುತ್ತದೆ. ನೀರು ತುಂಬಿದ ಮೂರನೇ ದಿನ ಅದು ಹಾಳೆಯಂತೆ ಎದ್ದು ಪಂಪಿನ ಜಾಳಿಗೆ ಹೋಗಿ ಕೂರುತ್ತದೆ. ಎರಡನೇ ಪದರದ ನಂತರ ಮೂರು ದಿನ ಬಿಸಿಲು ಕೊಟ್ಟೇ ನೀರು. ಅಂದರೆ ಭಾನುವಾರ ಮಧ್ಯಾಹ್ನ.

ಮೋಟಾರ್

ಪತ್ರಾ ಒಣಗುತ್ತಿರುವಾಗ ಮಂಗಳವಾರ ನೆರಳಿನಲ್ಲಿ ಮೋಟಾರ್. ಗುಂಯ್ ಎನ್ನುವುದು, ಕಡ್ಡಿಯಿಂದ ರೆಕ್ಕೆ ತಳ್ಳಿದರೆ ಓಡುವುದು: ಈ ಎರಡೂ ಕಂಡರೆ ಅಂಗಡಿಯವರು ಬಿಚ್ಚದೇ ಹೇಳುತ್ತಾರೆ, ‘ಕಂಡೆನ್ಸರ್ ಹೋಗ್ಯಾದ್ರಿ’ ಅಂತ. ಮೋಟಾರ್ ಏಳಲು ನೂಕು ಕೊಡುವ ಕೆಪಾಸಿಟರ್ ಅದು. ಹತ್ತಕ್ಕೆ ಎಂಟು ಸಲ ಆ ಮಾತು ಸರಿ. ತೆಗೆಯುವ ಮೊದಲು ಪ್ಲಗ್ ಕಿತ್ತು, ಕಂಡೆನ್ಸರಿನ ಎರಡೂ ತುದಿಗೆ ಹಳೆ 100 ವ್ಯಾಟಿನ ಗುಂಡು ಬಲ್ಬಿನ ಹೋಲ್ಡರ್ ವೈರು ಒಂದು ಕ್ಷಣ ತಾಗಿಸಬೇಕು, ಒಳಗೆ ಉಳಿದ ಕರೆಂಟ್ ಇಳಿಯುತ್ತದೆ. ಮೈಮೇಲೆ ಬರೆದದ್ದು 4 ಮೈಕ್ರೋಫ್ಯಾರಡ್, 440 ವೋಲ್ಟ್. ಮೀಟರ್ ತೋರಿಸಿದ್ದು 2.7. ಹೊಸದೂ ಅಷ್ಟೇ ಅಳತೆಯದ್ದು, 4 ಮೈಕ್ರೋಫ್ಯಾರಡ್ಡೇ ಹಾಕಬೇಕು. ‘6ರದ್ದು ಹಾಕಿದ್ರ ಜೋರ್ ಓಡ್ತದ’ ಎನ್ನುವ ಸಲಹೆ ಸಿಗುತ್ತದೆ. ಓಡಬಹುದು, ಆದರೆ ಸ್ಟಾರ್ಟಿಂಗ್ ಸುರುಳಿಯಲ್ಲಿ ಹೆಚ್ಚು ಕರೆಂಟ್ ಹರಿದು ಮೇ ತಿಂಗಳಿಗೆ ವೈಂಡಿಂಗ್ ಸುಡುತ್ತದೆ.

ಕಂಡೆನ್ಸರ್ ಬದಲಿಸಿದರೂ ಕೈಯಿಂದ ತಿರುಗಿಸಿದಾಗ ಒಳಗೆ ಮರಳು ಅರೆದಂತೆ ಸದ್ದಿತ್ತು. ಎಂಟು ಸಲವಲ್ಲ, ಇದು ಉಳಿದ ಎರಡು ಸಲದ್ದು: ಬೇರಿಂಗೂ ಹೋಗಿದೆ. ಬಿಚ್ಚುವ ಮೊದಲು ಎರಡೂ ಮುಚ್ಚಳ ಮತ್ತು ಬಾಡಿಯ ಮೇಲೆ ಚಾಣದಿಂದ ಗೆರೆ ಎಳೆದಿಡಬೇಕು, ಮರಳಿ ಅದೇ ಕೋನಕ್ಕೆ ಕೂರಿಸಲು. ಒಳಗಿನದು 6202, ಎರಡು ಕಡೆಯೂ. ಒಳಗಾತ್ರ 15, ಹೊರಗಾತ್ರ 35, ದಪ್ಪ 11 ಮಿಲಿಮೀಟರ್. ಅಂಗಡಿಯಲ್ಲಿ ಝಡ್‌ಝಡ್ ಎಂದರೆ ಎರಡೂ ಕಡೆ ತಗಡಿನ ಮುಚ್ಚಳದ್ದು, 2ಆರ್‌ಎಸ್ ಎಂದರೆ ರಬ್ಬರ್ ಮುಚ್ಚಳದ್ದು. ಕೂಲರಿನ ತೇವಕ್ಕೆ ರಬ್ಬರಿನದೇ ಇರಲಿ. ಹಳೆಯದನ್ನು ಪುಲ್ಲರ್‌ನಿಂದ ಎಳೆದು, ಹೊಸದರ ಒಳ ಬಳೆಯ ಮೇಲೆ ಮಾತ್ರ ಕೂರುವ ಪೈಪ್ ತುಂಡಿಟ್ಟು ಮೆಲ್ಲಗೆ ಬಡಿಯಬೇಕು. ಹೊರ ಬಳೆಗೆ ಏಟು ಬಿದ್ದರೆ ಗುಂಡುಗಳು ಹಾದಿಯಲ್ಲಿ ಗುಳಿ ಮಾಡುತ್ತವೆ, ಹೊಸ ಬೇರಿಂಗ್ ಮೊದಲ ದಿನವೇ ಸದ್ದು ಮಾಡುತ್ತದೆ. ಬುಶ್ ಇರುವ ಮೋಟಾರಾದರೆ ಬೇರಿಂಗ್ ಮಾತಿಲ್ಲ. ಎರಡು ಮೂರು ಹನಿ ಹೊಲಿಗೆ ಮಿಷನ್ ಎಣ್ಣೆ ಸಾಕು. ಕೊಬ್ಬರಿ ಎಣ್ಣೆ ಬಿಟ್ಟರೆ ಅದು ಕ್ರಮೇಣ ಅಂಟಾಗಿ ಬುಶ್ ಹಿಡಿಯುತ್ತದೆ.

ಮುಚ್ಚಳದ ನಾಲ್ಕು ಉದ್ದ ಬೋಲ್ಟುಗಳನ್ನು ಎದುರುಬದುರು, ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತ ಪ್ರತಿ ಸಲ ಶಾಫ್ಟ್ ತಿರುಗಿಸಿ ನೋಡಬೇಕು. ಒಂದೇ ಬದಿ ಪೂರ್ತಿ ಬಿಗಿದರೆ ಶಾಫ್ಟ್ ಹಿಡಿದುಕೊಳ್ಳುತ್ತದೆ, ಆಗ ಬೇರಿಂಗ್ ಕೆಟ್ಟದ್ದು ಕೊಟ್ಟರು ಎಂದು ಅಂಗಡಿಯವನ ಮೇಲೆ ಸಿಟ್ಟು ಮಾಡಿಕೊಳ್ಳುವುದು.

ಜೋಡಿಸುವ ಮೊದಲು ಕರೆಂಟ್ ಮೈಗೆ ಸೋರುತ್ತದೆಯೇ ಎಂದು ಅಳೆಯುವ 500 ವೋಲ್ಟಿನ ಮೆಗ್ಗರ್‌ನಿಂದ ಸುರುಳಿಗೂ ಮೈಗೂ ನಡುವೆ ನೋಡಿದಾಗ 0.8 ಮೆಗಾ ಓಮ್ ಬಂದಿತ್ತು. 1ಕ್ಕಿಂತ ಕಡಿಮೆ ಇದ್ದರೆ ಓಡಿಸಬಾರದು. ಮಳೆಗಾಲದ ತೇವ ಕುಡಿದು ಕೂತ ವೈಂಡಿಂಗ್ ಅದು, ಸುಟ್ಟದ್ದಲ್ಲ. ಮುಚ್ಚಳ ತೆಗೆದು ಒಂದು ದಿನ ಮಾಳಿಗೆಯ ಬಿಸಿಲಿನಲ್ಲಿ ಇಟ್ಟ ಮೇಲೆ 20 ದಾಟಿತು. ಕಲಬುರಗಿ ಬಿಸಿಲಿಗೆ ಇಂಥ ಉಪಯೋಗವೂ ಉಂಟು.

ಪಂಪು, ನೀರು ಇಳಿಯುವ ಹಾದಿ

ಪಂಪು ಓಡುತ್ತಿತ್ತು, ನೀರು ಮೇಲೇರುತ್ತಿರಲಿಲ್ಲ. ಮುಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಪುಟ್ಟ ಚಕ್ರದ ರೆಕ್ಕೆಗಳ ನಡುವೆ ಸುಣ್ಣ ತುಂಬಿ ಚಕ್ರ ಬಿಲ್ಲೆಯಂತಾಗಿತ್ತು. ಅದೇ ನಿಂಬೆ ಉಪ್ಪಿನ ನೀರಿನಲ್ಲಿ ಚಕ್ರವನ್ನೂ ಮುಚ್ಚಳವನ್ನೂ ಒಂದು ಗಂಟೆ ಬಿಟ್ಟು ಹಲ್ಲುಜ್ಜುವ ಹಳೆ ಬ್ರಷ್‌ನಿಂದ ತಿಕ್ಕಿದರೆ ಮುಗಿಯಿತು. ಕೆಲವು ಪಂಪುಗಳಲ್ಲಿ ಚಕ್ರದ ನಡುವಿನ ಕಡ್ಡಿ ಪಿಂಗಾಣಿಯದು. ಬರಲಿಲ್ಲವೆಂದು ಪೇಚ್‌ಕಸ್‌ನಿಂದ ಎಬ್ಬಿದರೆ ಮುರಿಯುತ್ತದೆ, ಅದು ಬಿಡಿಯಾಗಿ ಸಿಗುವುದೂ ಕಷ್ಟ.

ಪಂಪು ಬದಲಿಸಬೇಕೋ ಬೇಡವೋ ತಿಳಿಯಲು ಬಕೆಟ್ ಸಾಕು. ಕೂಲರಿನ ಮೇಲ್ತುದಿಯ ಎತ್ತರಕ್ಕೆ ಪೈಪ್ ಹಿಡಿದು ಒಂದು ನಿಮಿಷಕ್ಕೆ ಎಷ್ಟು ಲೀಟರ್ ಬರುತ್ತದೆ ನೋಡಬೇಕು. ಹುಲ್ಲಿನ ಪ್ಯಾಡಿಗೆ ಅದರ ಅಗಲದ ಪ್ರತಿ ಮೀಟರಿಗೆ ನಿಮಿಷಕ್ಕೆ 4 ಲೀಟರ್ ಬೇಕೆಂದು ಇಟ್ಟುಕೊಂಡರೆ, ಮೂರು ಕಡೆ 55 ಸೆಂಟಿಮೀಟರಿನ ಪ್ಯಾಡಿಗೆ ಆರೂವರೆ ಲೀಟರ್ ಆಯಿತು. ತೊಳೆಯುವ ಮೊದಲು 3 ಬರುತ್ತಿತ್ತು, ತೊಳೆದ ಮೇಲೆ 8. ಆವಿಯಾಗುವುದು ಇದರಲ್ಲಿ ಅತ್ಯಲ್ಪ. ಉಳಿದ ನೀರು ಹುಲ್ಲಿನ ಮೇಲೆ ಕೂರುವ ಉಪ್ಪನ್ನು ತೊಳೆದು ಟಾಕಿಗೆ ಇಳಿಸುತ್ತದೆ. ನೀರು ಕಡಿಮೆ ಹರಿದರೆ ಹುಲ್ಲು ಬೇಗ ಸುಣ್ಣ ಹಿಡಿಯುವುದು ಇದಕ್ಕೇ.

ಮೇಲಿನ ತೂತಿನ ಪೈಪುಗಳದ್ದು ಬೇರೆಯೇ ತಕರಾರು. ಅರ್ಧ ಇಂಚಿನ ಪೈಪಿಗೆ ಎರಡೆರಡು ಇಂಚಿಗೆ ತೂತು, ಎಲ್ಲವೂ ಕೆಳಮುಖ. ಹೀಗೆ ಮಾಡಿದರೆ ಪಂಪಿನ ಹತ್ತಿರದ ತೂತು ಧಾರೆ ಬಿಡುತ್ತದೆ, ತುದಿಯದು ಹನಿಯುತ್ತದೆ, ಸುಣ್ಣವೂ ತೂತಿನ ಬಾಯಲ್ಲೇ ಕಟ್ಟುತ್ತದೆ. ಪೈಪನ್ನು ಅರ್ಧ ಸುತ್ತು ತಿರುಗಿಸಿ ತೂತು ಮೇಲ್ಮುಖ ಮಾಡಿ 3 ಮಿಲಿಮೀಟರ್ ಡ್ರಿಲ್ಲಿನಿಂದ ತೂತುಗಳನ್ನು ಬಿಡಿಸಿದ್ದಾಯಿತು. ಈಗ ಪೈಪ್ ಮೊದಲು ಪೂರ್ತಿ ತುಂಬುತ್ತದೆ, ಆಮೇಲೆ ಎಲ್ಲ ತೂತಿನಿಂದಲೂ ಒಟ್ಟಿಗೆ ಉಕ್ಕಿ ಪೈಪಿನ ಮೈಮೇಲೆ ಜಾರಿ ಹುಲ್ಲಿಗೆ ಇಳಿಯುತ್ತದೆ. ಮೇಲೆ ಸಿಡಿಯದಂತೆ ಉದ್ದಕ್ಕೆ ಸೀಳಿದ ಒಂದು ಇಂಚಿನ ಪೈಪಿನ ಅರೆಭಾಗವನ್ನು ಮುಚ್ಚಳದಂತೆ ಕವುಚಿ ಇಡಬೇಕು. ವಾರದಲ್ಲಿ ಅತಿ ಕಡಿಮೆ ಶ್ರಮ, ಅತಿ ಹೆಚ್ಚು ಲಾಭದ ಕೆಲಸ ಇದು.

ಹುಲ್ಲು

ಅಂಗಡಿಯಲ್ಲಿ ಖಸ್ ಎಂದು ಕೇಳಿದರೂ ಕೈಗೆ ಬರುವುದು ಮೆತ್ತನೆ ಕಟ್ಟಿಗೆಯನ್ನು ಎಳೆ ಎಳೆಯಾಗಿ ಹೆರೆದ ಹುಲ್ಲು. ನಿಜವಾದ ಖಸ್ ಲಾವಂಚದ ಬೇರು, ಕಂದು ಬಣ್ಣ, ಒದ್ದೆಯಾದಾಗ ಘಮ. ಬೆಲೆ ಕೇಳಿದರೆ ಗೊತ್ತಾಗುತ್ತದೆ. ಈಚೆಗೆ ಎಲ್ಲರೂ ಹೇಳುವ ಜೇನುಗೂಡು ಪ್ಯಾಡ್ ಮೆತ್ತನೆ ನೀರಿಗೆ ಒಳ್ಳೆಯದು, ಹುಲ್ಲಿಗಿಂತ ತಂಪು ಕೊಡುತ್ತದೆ. ಆದರೆ ನಮ್ಮ ಜಿಲ್ಲೆಯಲ್ಲಿ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆ ನೆಲವೇ ಸುಣ್ಣಕಲ್ಲು. ಸಿಮೆಂಟ್ ಕಾರ್ಖಾನೆಗಳು ಅಲ್ಲಿಗೆ ಬಂದದ್ದೂ ಅದಕ್ಕೇ. ಬೋರಿನ ನೀರು ಕುಡಿಸಿದರೆ ಜೇನುಗೂಡಿನ ಕಿಂಡಿಗಳು ಮುಚ್ಚುತ್ತವೆ, ಕೆರೆಯಲು ಹೋದರೆ ಕಾಗದ ಹರಿಯುತ್ತದೆ. ಹುಲ್ಲನ್ನು ವರ್ಷಕ್ಕೊಮ್ಮೆ ಎಸೆದು ಹೊಸದು ತುಂಬಬಹುದು. ನಳದ ನೀರು ದಿನಾ ಸಿಗುವ ಮನೆಯವರು ಜೇನುಗೂಡು ಹಾಕಿಕೊಳ್ಳಲಿ, ಬೋರಿನವರು ಹುಲ್ಲು ಬಿಡಬಾರದು.

ಹೊಸ ಹುಲ್ಲನ್ನು ಗುರುವಾರ ರಾತ್ರಿ ದೊಡ್ಡ ಬುಟ್ಟಿಯಲ್ಲಿ ನೆನೆಹಾಕಿ ಬೆಳಗ್ಗೆ ಚಹಾ ಬಣ್ಣದ ನೀರು ಚೆಲ್ಲಬೇಕು, ಎರಡು ಸಲ. ಈ ಹಂತ ಬಿಟ್ಟರೆ ಮೊದಲ ವಾರವೆಲ್ಲ ಮನೆಯಲ್ಲಿ ಕಟ್ಟಿಗೆ ಅಡ್ಡೆಯ ವಾಸನೆ, ಪಂಪಿನ ಬಾಯಲ್ಲಿ ಎಳೆಗಳ ಉಂಡೆ.

ತುಂಬುವ ದಪ್ಪ ಎರಡು ಇಂಚು. ನಮ್ಮ ಜಾಳಿಯ ಅಳತೆ 55 ಸೆಂಟಿಮೀಟರ್ ಅಗಲ, 70 ಎತ್ತರ. ಒಂದಕ್ಕೆ ಮುಕ್ಕಾಲು ಕೇಜಿ ಆಸುಪಾಸು ಒಣ ಹುಲ್ಲು ಹಿಡಿಯುತ್ತದೆ. ತೂಕಕ್ಕಿಂತ ಕಣ್ಣಿನ ಲೆಕ್ಕ ಹೆಚ್ಚು ನಂಬಿಕೆಯದ್ದು: ಜಾಳಿಯನ್ನು ಬಿಸಿಲಿಗೆ ಅಡ್ಡ ಹಿಡಿದರೆ ಬೆಳಕು ಎಳ್ಳಿನ ಕಾಳಿನಷ್ಟು ಚುಕ್ಕಿಗಳಾಗಿ ಎಲ್ಲ ಕಡೆ ಕಾಣಬೇಕು. ಬಟಾಣಿಯಷ್ಟು ಕಿಂಡಿ ಕಂಡರೆ ಅಲ್ಲಿಂದ ಬಿಸಿ ಗಾಳಿ ನೇರ ಒಳಕ್ಕೆ. ಕತ್ತಲೆ ಕಂಡರೆ ಗಾಳಿಗೆ ಹಾದಿಯಿಲ್ಲ, ಫ್ಯಾನಿನ ಸದ್ದು ಮಾತ್ರ ದಪ್ಪಗಾಗುತ್ತದೆ. ಮೂಲೆಗಳಿಗೆ ಮೊದಲು ತುಂಬಿ ನಡುವೆ ಆಮೇಲೆ.

ಹುಲ್ಲು ಒದ್ದೆಯಾಗಿ ವಾರಕ್ಕೆ ಎರಡು ಮೂರು ಇಂಚು ಕೆಳಗೆ ಕುಸಿಯುತ್ತದೆ, ಮೇಲೆ ಖಾಲಿ ಪಟ್ಟಿ ಬೀಳುತ್ತದೆ. ಅಂಗಡಿಯಲ್ಲಿ ತುಂಬಿಸಿಕೊಂಡು ಬಂದ ಜಾಳಿಗಳ ದೊಡ್ಡ ದೋಷ ಇದೇ. ತಡೆಯಲು ಕೌದಿ ಹೊಲಿದಂತೆ ಹೊಲಿಯಬೇಕು: ಗೋಣಿ ಹೊಲಿಯುವ ದಬ್ಬಣ, ನೈಲಾನ್ ದಾರ, ಈ ಕಡೆ ಜಾಳಿಯಿಂದ ಆ ಕಡೆ ಜಾಳಿಗೆ ಆರು ಇಂಚಿಗೊಂದು ಹೊಲಿಗೆ. ಜಗ್ಗಿ ಕಟ್ಟಬಾರದು, ಹುಲ್ಲು ಅಲುಗದಷ್ಟು ಹಿಡಿದರೆ ಸಾಕು. ಸುತ್ತಿ ದಾರ ಸೇದುವಾಗ ಎದುರಿಗೊಬ್ಬರು ಕೂತು ದಬ್ಬಣ ತಿರುಗಿ ಕೊಡಬೇಕು, ಒಬ್ಬರ ಕೆಲಸವಲ್ಲ. ಮೂರು ಜಾಳಿಗೆ ಒಂದೂವರೆ ಗಂಟೆ.

ಧೂಳು ತಡೆಯಲು ಹೊರಗೆ ಗೋಣಿತಟ್ಟು ಕಟ್ಟುವುದನ್ನು ಅನೇಕ ಮನೆಗಳಲ್ಲಿ ನೋಡಬಹುದು, ತೊಗರಿ ಚೀಲಕ್ಕೆ ಕೊರತೆಯಿಲ್ಲದ ಊರು. ಅದು ತೇವ ಹಿಡಿದು ಬೂಷ್ಟು ಬರುತ್ತದೆ, ಗಾಳಿಯನ್ನೂ ತಡೆಯುತ್ತದೆ. ಸೊಳ್ಳೆ ಪರದೆಯ ಒಂದು ಪದರ ಸಾಕು, ವಾರಕ್ಕೊಮ್ಮೆ ಜಾಡಿಸಬಹುದು.

ಶುಕ್ರವಾರ ಮಧ್ಯಾಹ್ನ ಕೈ ಖಾಲಿ. ಅಟ್ಟದ ಮೇಲಿನ ಮಣ್ಣಿನ ರಂಜಣಿಗೆ ಇಳಿಸಲು ಸರಿಯಾದ ಬಿಡುವು. ಹಳೆಯ ರಂಜಣಿಗೆ ನೀರು ತಂಪು ಮಾಡುತ್ತಿಲ್ಲವೆಂದರೆ ಹೊರಮೈಯ ರಂಧ್ರಗಳು ಸುಣ್ಣದಿಂದ ಕಟ್ಟಿವೆ ಎಂದರ್ಥ. ತೆಂಗಿನ ನಾರಿನಿಂದ ಹೊರಗಷ್ಟೇ ತಿಕ್ಕಿ ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟರೆ ಸ್ವಲ್ಪ ಬಿಡುತ್ತದೆ. ಅಂದಕ್ಕೆಂದು ಹೊರಗೆ ಪೇಂಟ್ ಬಳಿದ ರಂಜಣಿಗೆ ಬರೀ ಗಡಿಗೆ. ಮೈ ಬೆವರದೆ ತಂಪಿಲ್ಲ. ಕೆಳಗೆ ಒದ್ದೆ ಮರಳು, ಗಾಳಿ ಆಡುವ ಜಾಗ. ಕೂಲರಿನದೂ ಇದೇ ವಿದ್ಯೆ, ನಡುವೆ ಒಂದು ಮೋಟಾರ್ ಹೆಚ್ಚು.

ಕರೆಂಟು

ಶನಿವಾರ ವೈರಿಂಗ್. ಪ್ರತಿ ಬೇಸಿಗೆ ಕೂಲರ್ ಮುಟ್ಟಿ ಜೀವ ಹೋದ ಸುದ್ದಿ ಬರುತ್ತದೆ, ಕಾರಣ ಹೆಚ್ಚಾಗಿ ಎರಡೇ: ಅರ್ಥಿಂಗ್ ಇಲ್ಲದ ಎರಡು ಪಿನ್ನಿನ ಪ್ಲಗ್ಗು, ಟಾಕಿಯೊಳಗಿನ ವೈರಿನ ಜೋಡಣೆ. ಪ್ಲಗ್ಗಿನ ದಪ್ಪ ಪಿನ್ನಿಗೂ ಕೂಲರಿನ ಬರಿ ಪತ್ರಾಕ್ಕೂ ನಡುವೆ ಮಲ್ಟಿಮೀಟರ್ ಇಟ್ಟರೆ 1 ಓಮ್‌ಗಿಂತ ಕಡಿಮೆ ಬರಬೇಕು. ಇಲ್ಲಿ ಏನೂ ಬರಲಿಲ್ಲ. ವೈರು ಸರಿಯಿತ್ತು, ಬುಧವಾರ ಬಳಿದ ಎನಾಮೆಲ್ ಅರ್ಥ್ ಸ್ಕ್ರೂವಿನ ಕೆಳಗೂ ಹೋಗಿತ್ತು. ಬಣ್ಣ ಬಳಿದ ಪ್ರತಿ ಕೂಲರಿನಲ್ಲೂ ಆಗುವ ತಪ್ಪು. ಸ್ಕ್ರೂವಿನ ಸುತ್ತ ರೂಪಾಯಿ ಅಗಲ ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದ ಮೇಲೆ 0.4. ಮೋಟಾರಿನ ಮೈಗೂ ಪ್ರತ್ಯೇಕ ಅರ್ಥ್ ವೈರು, ಏಕೆಂದರೆ ಮೋಟಾರ್ ಕೂತಿರುವ ರಬ್ಬರ್ ಬಿಲ್ಲೆಗಳು ಕರೆಂಟ್ ಬಿಡುವುದಿಲ್ಲ.

ಕೇಬಲ್ ಕೂಲರಿನೊಳಗೆ ಹೋಗುವ ತೂತಿಗಿಂತ ಮೊದಲು ಒಂದು ಗೇಣು ಕೆಳಗೆ ಜೋತು ಬಿಟ್ಟು ಮೇಲೇರಿಸಿದರೆ ವೈರಿನ ಮೇಲೆ ಹರಿದ ನೀರು ಜೋಲಿನಲ್ಲೇ ತೊಟ್ಟಿಕ್ಕುತ್ತದೆ, ಸ್ವಿಚ್ಚಿಗೆ ಹೋಗುವುದಿಲ್ಲ. ಮನೆಯ ಬೋರ್ಡಿನಲ್ಲಿ ಕರೆಂಟ್ ಸೋರಿದರೆ ತಾನೇ ಬೀಳುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ ಅದರ ಟೆಸ್ಟ್ ಗುಂಡಿ ಒತ್ತಿ ಬೀಳುತ್ತದೆಯೇ ನೋಡಿ. ಇಲ್ಲದಿದ್ದರೆ ಹಾಕಿಸಿ. ಎಷ್ಟೇ ಸರಿಯಿದ್ದರೂ ನೀರು ತುಂಬುವಾಗ ಸ್ವಿಚ್ ಅಲ್ಲ, ಪ್ಲಗ್ಗೇ ಕೀಳಬೇಕು.

ಭಾನುವಾರ, ನೀರು

ಮಧ್ಯಾಹ್ನ ಎರಡೂವರೆಗೆ ಟಾಕಿ ತುಂಬಿ ಮೊದಲು ಪಂಪು ಮಾತ್ರ, ಹತ್ತು ನಿಮಿಷ. ಹುಲ್ಲು ಪೂರ್ತಿ ನೆನೆದ ಮೇಲೆ ಫ್ಯಾನ್.

ಪರೀಕ್ಷೆಗೆ ಎರಡು ಥರ್ಮಾಮೀಟರ್. ಒಂದು ಹಾಗೇ. ಇನ್ನೊಂದರ ಬುಡಕ್ಕೆ ಒದ್ದೆ ಹತ್ತಿಬಟ್ಟೆ ಸುತ್ತಿ ಟೇಬಲ್ ಫ್ಯಾನಿನ ಮುಂದೆ ಹಿಡಿದರೆ ಎಲ್ಲಿಗೆ ಇಳಿದು ನಿಲ್ಲುತ್ತದೋ ಅದೇ ಆ ದಿನ ಕೂಲರ್ ಮುಟ್ಟಬಹುದಾದ ತಳ. ಹೊರಗೆ ನೆರಳಿನಲ್ಲಿ 36, ಒದ್ದೆ ಬಟ್ಟೆಯದು 20.5. ಅಂತರ 15.5 ಡಿಗ್ರಿ, ಒಳ್ಳೆಯ ಹುಲ್ಲಿನ ಕೂಲರ್ ಇದರಲ್ಲಿ ಮೂರರಲ್ಲಿ ಎರಡು ಪಾಲು ಇಳಿಸಬೇಕು. ಮಂಗಳೂರಿನವರಿಗೆ ಕೂಲರ್ ಕೆಲಸಕ್ಕೆ ಬಾರದ್ದೂ ಇದೇ ಲೆಕ್ಕದಿಂದ: 38 ಡಿಗ್ರಿ ಇದ್ದು ತೇವಾಂಶ ಶೇ. 20 ಇದ್ದರೆ ತಳ ಸುಮಾರು 21, ತೇವಾಂಶ ಶೇ. 60 ಆದರೆ ತಳವೇ 31.

ಕೂಲರಿನ ಬಾಯಲ್ಲಿ ಬಂದದ್ದು 29. ಇಳಿದದ್ದು ಬರೀ 7, ಅರ್ಧಕ್ಕಿಂತ ಕಡಿಮೆ. ಹಿಂದಿನ ಜಾಳಿಗೆ ಅಂಗೈ ಒತ್ತಿದರೆ ಪೂರ್ತಿ ತಣ್ಣಗೆ, ಬಲಗಡೆಯದೂ ಹಾಗೇ. ಎಡ ಜಾಳಿಯ ಮುಂಭಾಗದಲ್ಲಿ ನಾಲ್ಕು ಬೆರಳಗಲ ಒಣ ಪಟ್ಟಿ ಮೇಲಿಂದ ಕೆಳಗಿನವರೆಗೆ. ಗಾಳಿಗೆ ಸುಲಭದ ಹಾದಿ ಬೇಕು, ಒದ್ದೆ ಹುಲ್ಲಿಗಿಂತ ಒಣ ಹುಲ್ಲಿನಲ್ಲಿ ಅದಕ್ಕೆ ತಡೆ ಕಡಿಮೆ. ಹಾಗಾಗಿ ಪಟ್ಟಿ ಸಣ್ಣದಾದರೂ ಅಲ್ಲಿಂದ ಬರುವ ಬಿಸಿ ಗಾಳಿ ತನ್ನ ಪಾಲಿಗಿಂತ ಹೆಚ್ಚು. ಕಾರಣ ಪೈಪಿನಲ್ಲಿರಲಿಲ್ಲ. ಸ್ಟ್ಯಾಂಡ್ ಹಿಂದಕ್ಕೆ ವಾಲಿತ್ತು, ಮೇಲ್ಮುಖ ತೂತಿನ ಪೈಪಿಗೆ ಆ ವಾಲು ಸಾಕು. ನೀರು ತಗ್ಗಿನ ತುದಿಯಲ್ಲೇ ಉಕ್ಕುತ್ತದೆ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ಕಾಲಿನ ಮಟ್ಟ ನೋಡಿದಾಗ ಹಿಂದಿನ ಕಾಲು 15 ಮಿಲಿಮೀಟರ್ ಕೆಳಗೆ. ಶಹಾಬಾದ್ ಫರ್ಸಿ ಕಲ್ಲಿನ ಚೂರು ನಮ್ಮ ಕಡೆ ಯಾವ ಅಂಗಳದಲ್ಲಿ ಇಲ್ಲ? ಎರಡು ಚೂರು ಕಾಲಡಿ ಇಟ್ಟದ್ದಾಯಿತು.

ಉಳಿದ ಸೋರಿಕೆಗೆ ಊದಿನಕಡ್ಡಿ. ಫ್ಯಾನ್ ಓಡುವಾಗ ಜಾಳಿಯ ಅಂಚಿನ ಸುತ್ತ ಹೊಗೆ ಹಿಡಿದರೆ, ಎಲ್ಲಿ ರಪ್ಪನೆ ಒಳಗೆ ಎಳೆದುಕೊಳ್ಳುತ್ತದೋ ಅಲ್ಲಿ ಸಂದು. ಎರಡು ಕಡೆ ಸಿಕ್ಕಿತು, ಸ್ಪಂಜಿನ ಪಟ್ಟಿ ತುರುಕಿದ್ದಾಯಿತು. ಅರ್ಧ ಗಂಟೆಯ ನಂತರ ಬಾಯಲ್ಲಿ 26. ಇಳಿದದ್ದು 10 ಡಿಗ್ರಿ, ಮೂರರಲ್ಲಿ ಎರಡು ಪಾಲಿಗೆ ಕೂದಲೆಳೆಯಷ್ಟು ಕಡಿಮೆ. ಮೋಟಾರ್ ಅದೇ, ಪಂಪು ಅದೇ.

ಕೋಣೆಯ ಮಾತೂ ಇದೆ. ಎದುರು ಕಿಟಕಿ ಒಂದೂವರೆ ಅಡಿ ಚೌಕದಷ್ಟು ತೆರೆದಿರಬೇಕು. ತಂಪು ಹೊರಗೆ ಹೋಗುತ್ತದೆಂದು ಎಲ್ಲ ಮುಚ್ಚಿದರೆ ಗಾಳಿ ತೇವದಿಂದ ತುಂಬಿ, ಹಾಸಿಗೆ ಜಿಗುಟು, ಹಪ್ಪಳ ಮೆತ್ತಗೆ. ಕೂಲರ್ ಹೊರಗಿನ ಒಣ ಗಾಳಿಯನ್ನೇ ಎಳೆಯಬೇಕು. ಕೋಣೆಯೊಳಗೆ ನಿಲ್ಲಿಸಿದರೆ ತನ್ನ ಒದ್ದೆ ಗಾಳಿಯನ್ನೇ ಮರಳಿ ಕುಡಿಯುತ್ತದೆ.

ನೀರಿನ ಖರ್ಚು ಇಂಥ ಮಧ್ಯಾಹ್ನದಲ್ಲಿ ಗಂಟೆಗೆ 10 ಲೀಟರ್ ಆಸುಪಾಸು. ಒಂದು ಲೀಟರ್ ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು, ಅದನ್ನು ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಬೋರಿನ ನೀರಿನಲ್ಲಿ ಲೀಟರಿಗೆ 600 ಮಿಲಿಗ್ರಾಂ ಗಡಸುತನ ಇದೆ ಎಂದಿಟ್ಟುಕೊಂಡರೆ ಎಂಟು ಗಂಟೆಗೆ 80 ಲೀಟರ್, ಅಂದರೆ 48 ಗ್ರಾಂ ಸುಣ್ಣ ದಿನವೊಂದಕ್ಕೆ ಟಾಕಿಯಲ್ಲೂ ಹುಲ್ಲಿನಲ್ಲೂ. ಮೇಲೆ ಮೇಲೆ ತುಂಬುತ್ತಲೇ ಹೋಗದೆ ಎರಡು ದಿನಕ್ಕೊಮ್ಮೆ ತಳದ ನಳ ಬಿಟ್ಟು ಹಳೆ ನೀರು ಪೂರ್ತಿ ಚೆಲ್ಲಬೇಕು. ಅದನ್ನು ಗಿಡಕ್ಕೆ ಹಾಕಬೇಡಿ, ಅಂಗಳ ತೊಳೆಯಿರಿ. ವಾರಕ್ಕೊಮ್ಮೆ ಟಾಕಿ ಖಾಲಿ ಮಾಡಿ ಗೋಡೆಗಳನ್ನು ಬ್ರಷ್‌ನಿಂದ ತಿಕ್ಕಬೇಕು. ಡೆಂಗಿ ಸೊಳ್ಳೆ ಮೊಟ್ಟೆ ಅಂಟಿಸುವುದು ನೀರಿನ ಅಂಚಿನ ಗೋಡೆಗೆ, ಬರೀ ನೀರು ಚೆಲ್ಲಿದರೆ ಮೊಟ್ಟೆ ಅಲ್ಲೇ ಇರುತ್ತದೆ. ನೀರು ಸಿಕ್ಕರೆ ಏಳರಿಂದ ಹತ್ತು ದಿನಕ್ಕೆ ಸೊಳ್ಳೆ ಸಿದ್ಧ.

ಬಾಕಿ ಉಳಿದದ್ದು: ಫ್ಯಾನಿನ ರೆಕ್ಕೆಗೂ ಸುತ್ತಿನ ಬಳೆಗೂ ಕೆಳಭಾಗದಲ್ಲಿ ಸಂದು ಹೆಚ್ಚಿದೆ, ಮೋಟಾರ್ ಪಟ್ಟಿಯ ಕೆಳಗೆ 3 ಮಿಲಿಮೀಟರಿನ ವಾಷರ್ ತೆಗೆದು ನೋಡಬೇಕು. ಹದಿನೈದು ದಿನದ ಮೇಲೆ ಮೂರೂ ಜಾಳಿಯ ಮೇಲಂಚಿಗೆ ಬೆರಳು ತೂರಿಸಿ ಹುಲ್ಲು ಕುಸಿದಿದೆಯೇ ನೋಡಬೇಕು, ಅದಕ್ಕೆಂದೇ ಒಂದು ಹಿಡಿ ಹುಲ್ಲು ಅಟ್ಟದ ಮೇಲೆ ಎತ್ತಿಟ್ಟಿದೆ.